ಸಹಾಯ ಬೇಕು: ಹರ್ಲಿಂಗ್ ಆಟವನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಐರ್ಲೆಂಡಿನ ಕಿಲ್ಕೆನಿಯಲ್ಲಿ. ಮಗ ಇಲ್ಲಿನ ಊರ ಕ್ಲಬ್ಬಿನಲ್ಲಿ ಹರ್ಲಿಂಗ್ (ಕೋಲು-ಚೆಂಡಿನ ಐರಿಷ್ ಆಟ) ಆಡುತ್ತಾನೆ, ಈ ಸಲ ರಜೆಗೆ ಮೈಸೂರಿಗೆ ಹೋದಾಗ ಅಜ್ಜನಿಗೆ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಕ್ಲಬ್ಬಿನ ಫೆನೆಲಿ ಅಣ್ಣತಮ್ಮಂದಿರ ಕಥೆಯನ್ನು ಕನ್ನಡದಲ್ಲೇ ಹೇಳಬೇಕಂತೆ. 1972ರಲ್ಲಿ ಶುರುವಾದ ಹಳ್ಳಿ ಕ್ಲಬ್ಬು ಅದು. 1981ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಕಪ್ ಗೆದ್ದಾಗ ತಂಡದಲ್ಲಿ ಏಳು ಜನ ಒಂದೇ ತಾಯಿಯ ಮಕ್ಕಳು! ಅವರಲ್ಲಿ ಲಿಯಾಮ್ 1983 ಮತ್ತು 1992ರಲ್ಲಿ ಕಿಲ್ಕೆನಿ ಕೌಂಟಿ (ಅಂದರೆ ಜಿಲ್ಲೆ) ತಂಡಕ್ಕೂ ಕ್ಯಾಪ್ಟನ್ ಆಗಿ ಕಪ್ ತಂದರು. ಯಾರಿಗೂ ಸಂಬಳ ಇಲ್ಲ, ಇವತ್ತಿಗೂ ಇಲ್ಲ.

ಮಾವನವರು ಫೋನಿನಲ್ಲೇ "ಕೊಡವರ ಹಾಕಿ ಹಬ್ಬದ ಥರಾನಾ?" ಅಂದರು. ಸ್ವಲ್ಪ ಹೌದು, ಆದರೆ ಅಲ್ಲಿ ಮನೆತನಕ್ಕೊಂದು ತಂಡ, ಇಲ್ಲಿ ಊರಿಗೊಂದು, ಅಲ್ವಾ?

ನನ್ನ ತೊಂದರೆ ಪದಗಳದ್ದು. ಚೆಂಡನ್ನು ಕೋಲಿನ ಚಪ್ಪಟೆ ತುದಿ ಮೇಲೆ ಕೂರಿಸಿಕೊಂಡು ಓಡೋದು, ಕೈಯಿಂದ ಎಸೆದು ಗಾಳಿಯಲ್ಲೇ ಬಾರಿಸೋದು, ಗೋಲಿನ ಅಡ್ಡಪಟ್ಟಿ ಮೇಲೆ ಹಾರಿಸಿದರೆ ಒಂದು ಪಾಯಿಂಟು, ಬಲೆಗೆ ಹೊಡೆದರೆ ಮೂರು, ಇದನ್ನೆಲ್ಲ ಹೇಗೆ ಹೇಳೋದು? ಚಿನ್ನಿದಾಂಡಿನ ಮಾತು ಯಾವುದಾದರೂ ಹೊಂದುತ್ತಾ? ಹಳ್ಳಿಯಲ್ಲಿ ಆಡಿ ಬೆಳೆದವರು ದಯವಿಟ್ಟು ತಿಳಿಸಿ. ಸುಮ್ನೆ ಹೊಳೆದದ್ದನ್ನು ಬರೆದರೂ ಸಾಕು.