ಪದಚರ್ಚೆ: ಹವಾ ಇಳಿದಿದೆಯೋ, ಗಾಡಿ ಕೂತಿದೆಯೋ?

ಗೆಳೆಯರೇ, ನಮಸ್ಕಾರ.

ಏರ್ ಸಸ್ಪೆನ್ಶನ್ ಇರುವ ಕಾರಿನಲ್ಲಿ ಹವಾ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಓದಿಕೊಳ್ಳಲಿ ಅಂತ. ಭಾಗಗಳ ಹೆಸರಿನ ಬಗ್ಗೆ ನನಗೆ ಚಿಂತೆ ಇಲ್ಲ. ಕಂಪ್ರೆಸರ್, ವಾಲ್ವ್, ಸೆನ್ಸರ್ ಅಂದರೆ ಎಲ್ಲರಿಗೂ ಗೊತ್ತು. ನಾನು ಸಿಕ್ಕಿಕೊಂಡಿರುವುದು ಕ್ರಿಯಾಪದಗಳಲ್ಲಿ. ನಿಮ್ಮ ಸಹಾಯ ಬೇಕು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಈ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ರಬ್ಬರಿನ ಚೀಲ ಇರುತ್ತದೆ. ಅದರೊಳಗೆ ಒತ್ತಿ ತುಂಬಿದ ಹವಾ. ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಸೆನ್ಸರ್‌ಗಳು ನೋಡುತ್ತಿರುತ್ತವೆ. ಕಡಿಮೆಯಾದರೆ ಕಂಪ್ರೆಸರ್ ತುಂಬುತ್ತದೆ, ಹೆಚ್ಚಾದರೆ ವಾಲ್ವ್ ತೆರೆದು ಹೊರಗೆ ಬಿಡುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ನಮ್ಮ ಚಿಗರಿ ಬಸ್ಸಿನಲ್ಲಿ ಓಡಾಡಿದವರೆಲ್ಲ ಇಂಥ ಚೀಲಗಳ ಮೇಲೆ ಕೂತೇ ಧಾರವಾಡಕ್ಕೆ ಹೋಗಿದ್ದಾರೆ. ಜನ ತುಂಬಲಿ, ಖಾಲಿಯಾಗಲಿ, ಬಸ್ಸಿನ ನೆಲ ನಿಲ್ದಾಣದ ಕಟ್ಟೆಗೆ ಸಮನಾಗಿ ನಿಲ್ಲಬೇಕಲ್ಲ.

ಈಗ ತೊಡಕಿಗೆ ಬರುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಒಂದು ಮೂಲೆ ನೆಲಕ್ಕೆ ಹತ್ತಿರ ಬಂದಿದೆ. ಮಾಲೀಕರು ಗ್ಯಾರೇಜಿಗೆ ಫೋನ್ ಮಾಡಿ “ಹವಾ ಇಳದೈತ್ರಿ” ಅನ್ನುತ್ತಾರೆ. ಆ ಕಡೆ ಇರುವ ಹುಡುಗ ಟೈರಿನ ಮಾತು ಅಂದುಕೊಳ್ಳುತ್ತಾನೆ. ಅದು ಸಹಜ, ನಮ್ಮ ಕಡೆ ಹವಾ ಇಳಿಯುವುದು ಅಂದರೆ ಟೈರಿನದ್ದೇ ಅಲ್ವಾ? ಟೈರಿನದಲ್ಲ ಅಂತ ತಿಳಿದ ಮೇಲೂ ಗೊಂದಲ ಮುಗಿಯುವುದಿಲ್ಲ. “ಗಾಡಿ ಇಳದೈತಿ”, “ಹವಾ ಇಳದೈತಿ” ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಮೊದಲನೆಯದು ಕಣ್ಣಿಗೆ ಕಂಡದ್ದು. ಎರಡನೆಯದು ನಮ್ಮ ಊಹೆ.

ಇವೆರಡೂ ಬೇರೆ ಬೇರೆಯಾಗಿರಬಹುದು. ಸೆನ್ಸರ್ ತಪ್ಪು ಅಳತೆ ಕೊಟ್ಟರೆ ಹವಾ ಎಲ್ಲೂ ಸೋರದೆ ಗಾಡಿ ಕೆಳಗೆ ಬರುತ್ತದೆ. ಅದೇ ಹೊತ್ತಿಗೆ, ಹವಾ ಹೋಗುತ್ತಿದ್ದರೂ ಓಡುವಾಗ ಗಾಡಿ ನೆಟ್ಟಗೇ ಇರಬಹುದು. ಯಾಕೆಂದರೆ ಕಂಪ್ರೆಸರ್ ಮತ್ತೆ ಮತ್ತೆ ತುಂಬುತ್ತಿರುತ್ತದೆ. ಹಾಗೆ ದುಡಿದು ದುಡಿದು ಕಂಪ್ರೆಸರೇ ಸುಟ್ಟುಹೋಗುತ್ತದೆ. ಹೊಸ ಕಂಪ್ರೆಸರ್ ಹಾಕಿ ಕಳಿಸಿದರೆ ಅದಕ್ಕೂ ಅದೇ ಗತಿ. ಕಂಡದ್ದಕ್ಕೊಂದು ಮಾತು, ಕಾರಣಕ್ಕೊಂದು ಮಾತು ಇದ್ದರೆ ಕಲಿಯುವವನಿಗೆ ಈ ತಪ್ಪು ತಪ್ಪುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಂಡದ್ದಕ್ಕೆ ‘ಕೂರು’ ಸಾಕು ಅನಿಸುತ್ತದೆ. “ಮುಂದ ಎಡಗಡೆ ಕುಂತೈತಿ” ಅಂದರೆ ಹುಬ್ಬಳ್ಳಿಯ ಯಾವ ಮೆಕ್ಯಾನಿಕ್‌ಗೂ ಬಿಡಿಸಿ ಹೇಳಬೇಕಿಲ್ಲ. ಲಾರಿಯ ಸ್ಪ್ರಿಂಗ್ ಪ್ಲೇಟಿಗೂ ಇದೇ ಮಾತು. ಇದರಲ್ಲಿ ಕಾರಣದ ಸೋಂಕಿಲ್ಲ, ಅದೇ ಇದರ ಗುಣ. ರಾತ್ರಿ ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಡುವುದು. ಬೆಳಿಗ್ಗೆ ಮತ್ತೆ ಅಳೆಯುವುದು. “ಎಷ್ಟು ಕೂತಿದೆ” ಎಂಬ ಕಾಲಮ್ಮಿಗೆ ಇಷ್ಟೇ ಬೇಕು. ಒಂದೇ ಮೂಲೆ ಕೂತರೆ ಆ ಚೀಲ, ಅದರ ಪೈಪು, ಪೈಪಿನ ಜೋಡಣೆ. ಒಂದು ಸಾಲಿನ ಎರಡೂ ಚಕ್ರ ಕೂತರೆ ವಾಲ್ವ್ ಬ್ಲಾಕಿನ (ಚೀಲಗಳಿಗೆ ಹವಾ ಹಂಚುವ ವಾಲ್ವ್‌ಗಳ ಗುಂಪು) ಮೇಲೆ ಅನುಮಾನ. ನಾಲ್ಕೂ ಕೂತರೆ ಅವಸರ ಬೇಡ. ಕೆಲವು ಗಾಡಿಗಳು ನಿಲ್ಲಿಸಿದ ಮೇಲೂ ಆಗಾಗ ಎಚ್ಚರಗೊಂಡು, ಕೆಳಗೆ ಬಂದ ಮೂಲೆಗೆ ಸಮವಾಗಲಿ ಅಂತ ಉಳಿದ ಮೂರನ್ನೂ ತಾವೇ ಇಳಿಸುತ್ತವೆ. ಹಾಗಾಗಿ ಅಳೆಯುವ ರಾತ್ರಿ ಆ ವ್ಯವಸ್ಥೆಯ ಫ್ಯೂಸ್ ತೆಗೆದಿಡಬೇಕು. ನೋಡಿ, ಇಲ್ಲಿ ‘ಇಳಿಸು’ ಸರಿಯಾದ ಮಾತು, ಗಾಡಿ ಬೇಕೆಂದೇ ಮಾಡಿದ ಕೆಲಸ ಅದು.

ಇನ್ನು ಚಳಿಗಾಲದ್ದು ಬೇರೆಯೇ ಕಥೆ. ಮಧ್ಯಾಹ್ನ 35 ಡಿಗ್ರಿ ಇದ್ದಾಗ ನಿಲ್ಲಿಸಿದ ಗಾಡಿ ಬೆಳಗಿನ ಜಾವ 15 ಡಿಗ್ರಿಗೆ ತಣ್ಣಗಾದರೆ ಒಳಗಿನ ಹವಾ ಶೇಕಡಾ 6ರಷ್ಟು ಕಿರಿದಾಗುತ್ತದೆ. ಹೊರಗೆ ಹೋದದ್ದು ಏನೂ ಇಲ್ಲ. ಗಾಡಿ ಎಲ್ಲ ಕಡೆ ಸ್ವಲ್ಪ ಕೂತಿರುತ್ತದೆ. ಇದಕ್ಕೆ ‘ಹವಾ ಕುಗ್ಗಿದೆ’ ಎಂದು ಬರೆದಿದ್ದೇನೆ.

ಕಾರಣದ ಮಾತೇ ಕಷ್ಟದ್ದು. ಪತ್ರಿಕೆಗಳಲ್ಲಿ ‘ಅನಿಲ ಸೋರಿಕೆ’ ಇದೆ. ನಾನೂ ಮೇಲೆ ‘ಸೋರು’ ಬಳಸಿದೆ. ಆದರೆ ಗ್ಯಾರೇಜಿನಲ್ಲಿ ಸೋರುವುದು ಆಯಿಲ್, ನೀರು. ಹವಾ ಸೋರುವುದಿಲ್ಲ, ‘ಹೋಗುತ್ತದೆ’. “ಎಲ್ಲ್ಯೋ ಸಣ್ಣಗ ಹವಾ ಹೊಂಟೈತಿ” ಅನ್ನುತ್ತಾರೆ. ಜಾಗ ಸಿಕ್ಕ ಮೇಲೆ ಮಾತು ತಿರುಗುತ್ತದೆ: “ಈ ಜಾಯಿಂಟ್ ಹವಾ ಬಿಡ್ತೈತಿ.” ಹುಡುಕುವಾಗ ಹವಾ ಕರ್ತೃ, ಸಿಕ್ಕ ಮೇಲೆ ಭಾಗ ಕರ್ತೃ. ಎಷ್ಟು ಚೆಂದದ ವ್ಯವಸ್ಥೆ! ಯಾರೂ ಕಲಿಸದೆ ಬಂದದ್ದು. ಅದನ್ನೇ ಹಾಳೆಯಲ್ಲಿ ಉಳಿಸಿಕೊಳ್ಳಬೇಕೆಂದಿದ್ದೇನೆ.

ಆದರೆ ಒಂದು ಕಡೆ ಅದು ಕೈಕೊಡುತ್ತದೆ. ಗಾಡಿ ಇಳಿಸಲು ಹವಾ ಹೊರಗೆ ಕಳಿಸುವ ವಾಲ್ವ್ ಇದೆಯಲ್ಲ, ಹವಾ ಬಿಡುವುದೇ ಅದರ ಕೆಲಸ. ಅದು ಕೆಟ್ಟು ಸುಮ್ನೆ ನಿಂತಾಗಲೂ ಬಿಡುತ್ತಿದ್ದರೆ ಏನನ್ನೋಣ? ಪರೀಕ್ಷೆಯೇನೋ ಸುಲಭ. ಹೊರಗೆ ಬಿಡುವ ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ, ಗಾಡಿ ತಾನಾಗಿ ಇಳಿಸದ ಹೊತ್ತಿನಲ್ಲಿ ಗುಳ್ಳೆ ಬರುತ್ತವೋ ನೋಡುವುದು. ಅಲ್ಲಿ ‘ವಾಲ್ವ್ ಹವಾ ಬಿಡುತ್ತಿದೆ’ ಎಂದು ಬರೆದರೆ ಹುಡುಗ “ಬಿಡಲಿ, ಅದರ ಕೆಲಸ ಅದು” ಅಂದುಕೊಂಡಾನು. ‘ಹಿಡಿ’ ಸರಿಹೋದೀತೇ? ಸೈಕಲ್ ಟ್ಯೂಬಿಗೆ “ಹವಾ ಹಿಡಿವಲ್ದು” ಅನ್ನುತ್ತೇವಲ್ಲ. ‘ವಾಲ್ವ್ ಹವಾ ಹಿಡಿಯುತ್ತಿಲ್ಲ’ ಎಂದರೆ ಕೆಟ್ಟಿದೆ ಎಂಬುದು ಸ್ಪಷ್ಟ. ನನ್ನ ಮನಸ್ಸು ಇದರ ಕಡೆಗೇ ಇದೆ.

ಸಾಬೂನು ನೀರಿನ ಪರೀಕ್ಷೆಗೆ ನಮ್ಮ ಮಾತು ಶ್ರೀಮಂತವಾಗಿದೆ. ಗಾಡಿಯನ್ನು ಪೂರ್ತಿ ಎತ್ತರಿಸಿ ಸಿಂಪಡಿಸಬೇಕು, ಆಗ ರಬ್ಬರಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಡಕು ಇರುವುದು ಹೆಚ್ಚಾಗಿ ಆ ಮಡಿಕೆಯಲ್ಲೇ. ದೊಡ್ಡ ತೂತಾದರೆ ಗುಳ್ಳೆ ಎದ್ದು ಒಡೆಯುತ್ತದೆ. ಸಣ್ಣದಾದರೆ ಸ್ವಲ್ಪ ಹೊತ್ತು ಕಾಯಬೇಕು, ಬಿಳಿ ಬುರುಗು ಕಟ್ಟುತ್ತದೆ. ‘ಗುಳ್ಳೆ’, ‘ಬುರುಗು’ ಎರಡನ್ನೂ ಬೇರೆ ಬೇರೆ ಬರೆದಿದ್ದೇನೆ. ಬರೀ ಗುಳ್ಳೆ ಹುಡುಕುವವನ ಕಣ್ಣಿಗೆ ಬುರುಗು ಬೀಳದೆ ಹೋದೀತು. ಮೈಸೂರು ಕಡೆಯವರಿಗೆ ‘ನೊರೆ’ ಹತ್ತಿರ ಅಂತ ಗೊತ್ತು, ಆದರೆ ಓದುವವರು ನಮ್ಮ ಹುಡುಗರು. (ಈ ಪರೀಕ್ಷೆಗೆ ಯಾರೂ ಹವಾದ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು. ಚೀಲ ಖಾಲಿಯಾದರೆ ಗಾಡಿ ಒಮ್ಮೆಲೇ ಕೆಳಗೆ ಬರುತ್ತದೆ. ಗಟ್ಟಿ ಸ್ಟ್ಯಾಂಡು ಕೊಟ್ಟೇ ಹೋಗಬೇಕು. ಇದನ್ನು ಹಾಳೆಯ ಮೊದಲ ಸಾಲಿನಲ್ಲೇ ಹಾಕಿದ್ದೇನೆ.)

ಚೀಲಕ್ಕೆ ಏನನ್ನುವುದು? ಗ್ಯಾರೇಜಿನಲ್ಲಿ ‘ಬಲೂನ್’. ಕಂಬಾರರ ‘ತಿದಿ’ ನೆನಪಾಗಿ ತುಂಬ ಆಸೆಯಾಯಿತು. ಆದರೆ ತಿದಿ ಇರುವುದು ಗಾಳಿ ಊದಲು, ಇದು ಇರುವುದು ಹವಾ ಹಿಡಿದಿಟ್ಟುಕೊಳ್ಳಲು. ಬಲೂನ್ ಎಂದೇ ಉಳಿಸಿಕೊಂಡೆ.

ಗದಗ, ಹಾವೇರಿ ಕಡೆಯವರಲ್ಲಿ ಮುಖ್ಯವಾಗಿ ಕೇಳುವುದು ಇದು. ಟ್ರ್ಯಾಕ್ಟರ್ ಟೈರು, ಸೈಕಲ್ ಟ್ಯೂಬು, ಸ್ಟೋವ್ ಪಂಪು, ಯಾವುದೇ ಇರಲಿ, ಹವಾ ತೀರ ನಿಧಾನಕ್ಕೆ ಹೋಗುವುದಕ್ಕೆ ‘ಸಣ್ಣಗೆ ಹೋಗು’ ಬಿಟ್ಟು ಬೇರೆ ಮಾತು ನಿಮ್ಮಲ್ಲಿ ಇದೆಯೇ? ಆ ವಾಲ್ವಿನ ವಿಷಯದಲ್ಲಿ ‘ಹಿಡಿಯುತ್ತಿಲ್ಲ’ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಚಳಿಗೆ ಹವಾ ‘ಕುಗ್ಗುವುದು’ ಪುಸ್ತಕದ ಮಾತಿನಂತೆ ಕೇಳಿಸುತ್ತಿದ್ದರೆ ಅದಕ್ಕೂ ನಿಮ್ಮ ಮನೆಮಾತು ತಿಳಿಸಿ. ಕೇಳಿದ ವಾಕ್ಯವನ್ನು ಕೇಳಿದ ಹಾಗೆಯೇ, ಊರಿನ ಹೆಸರಿನ ಜೊತೆ ಬರೆದರೆ ಬಹಳ ಉಪಕಾರ.