ಹಳೇ ವಿಡಿಯೋದ ಡಿಸ್ನಿಲ್ಯಾಂಡಲ್ಲಿ ಈಗ ಏನು ಉಳಿದಿದೆ, ಏನಿಲ್ಲ

ಅತ್ತಿಗೆ, ನೀವು ನಿನ್ನೆ ಗ್ರೂಪಿಗೆ ಹಾಕಿದ ಹಳೇ ಡಿಸ್ನಿಲ್ಯಾಂಡ್ ವಿಡಿಯೋ ಪೂರ್ತಿ ನೋಡ್ದೆ. ಇದರಲ್ಲಿ ಯಾವ್ಯಾವುದು ಈಗಲೂ ಇದೆ, 105 ಸೆಂಟಿಮೀಟರ್ ಎತ್ತರದ ಪುಟ್ಟನ್ನ ಯಾವುದಕ್ಕೆ ಬಿಡ್ತಾರೆ, ಮಂಡಿನೋವಿರೋ ಅತ್ತೆಗೆ ಯಾವುದು ಆಗುತ್ತೆ ಅಂತ ಕೇಳಿದ್ರಿ. ಸ್ವಲ್ಪ ಉದ್ದ ಆಗುತ್ತೆ, ಕೈಕೆಲಸ ಮಾಡ್ತಾ ಕೇಳಿಸ್ಕೊಳ್ಳಿ.

ಆ ವಿಡಿಯೋ ಕ್ಯಾಲಿಫೋರ್ನಿಯಾದ ಅನಹೈಮ್‌ದು, 1955ರ ಜುಲೈ 17ರಂದು ತೆರೆದ ಮೊದಲ ಪಾರ್ಕು. ಅದರಲ್ಲಿ ಸುತ್ತೋ ಥಿಯೇಟರೊಳಗೆ ಪ್ರಾಣಿಗೊಂಬೆಗಳು ಹಾಡ್ತಾವಲ್ಲ, ಆ ಶೋ ಶುರುವಾಗಿದ್ದು 1974ರಲ್ಲಿ. ಮರಳುಗಾಡಿನಂಥ ಜಾಗದಲ್ಲಿ ಗಣಿ ರೈಲು ಹೋಗುತ್ತಲ್ಲ, ಅದು ನಿಂತಿದ್ದು 1977ರ ಶುರುವಲ್ಲಿ. ಹಾಗಾಗಿ ವಿಡಿಯೋ ಆ ಎರಡರ ನಡುವಿಂದು. ಅಲ್ಲಿ ಜಾಗ ಕಮ್ಮಿ, ಹೊಸದು ಬರಬೇಕಾದ್ರೆ ಹೆಚ್ಚಾಗಿ ಹಳೇದರ ಜಾಗಕ್ಕೇ ಬರಬೇಕು. ಅದಕ್ಕೇ ಹಳೇದು ಹೋದ್ರೂ ಅದರ ಗೊಂಬೆನೋ ಹಳಿನೋ ಗೋಡೆನೋ ಎಲ್ಲೋ ಒಂದು ಕಡೆ ಉಳಿದಿರುತ್ತೆ. ಗೊತ್ತಿದ್ದು ಹೋದ್ರೆ ಕಣ್ಣಿಗೆ ಬೀಳುತ್ತೆ.

ಮೊದಲು ನೀವು ಅಷ್ಟು ಇಷ್ಟಪಟ್ಟ ಆ ಮೇಲ್ದಾರಿಯ ಪುಟಾಣಿ ಬಂಡಿಗಳು. ಅದು ಪೀಪಲ್‌ಮೂವರ್, 1967ರಿಂದ 1995ರವರೆಗೆ ಓಡ್ತು, ಈಗಿಲ್ಲ. ಆ ಬಂಡಿಗಳಿಗೆ ಎಂಜಿನ್ನೇ ಇರ್ಲಿಲ್ಲ. ದಾರಿಯುದ್ದಕ್ಕೂ ಸುಮಾರು 2.7 ಮೀಟರಿಗೊಂದರಂತೆ ಮೋಟಾರ್ ಜೋಡಿಸಿದ ರಬ್ಬರ್ ಟೈರುಗಳಿದ್ವು. ಒಂದು ಟೈರು ಬಂಡಿಯನ್ನ ಮುಂದಿನ ಟೈರಿಗೆ ದಾಟಿಸ್ತಿತ್ತು, ಹಾಗೇ ನಿಧಾನಕ್ಕೆ 16 ನಿಮಿಷದ ಸುತ್ತು. 1998ರಲ್ಲಿ ಅದೇ ಕಂಬಗಳ ಮೇಲೆ, ಅದೇ ದಾರೀಲಿ, ರಾಕೆಟ್ ರಾಡ್ಸ್ ಅಂತ ಗಂಟೆಗೆ ಸುಮಾರು 56 ಕಿಲೋಮೀಟರ್ ಮುಟ್ಟೋ ಗಾಡಿ ಬಿಟ್ರು. 16 ನಿಮಿಷದ ದಾರಿ ಸುಮಾರು ಮೂರೇ ನಿಮಿಷಕ್ಕೆ ಬಂತು. ಎಡವಟ್ಟಾಗಿದ್ದು ತಿರುವಲ್ಲಿ. ವೇಗವಾಗಿ ತಿರುಗೋ ದಾರಿ ಒಳಮಗ್ಗುಲಿಗೆ ವಾಲಿರ್ಬೇಕು, ಹೆದ್ದಾರಿ ತಿರುವಲ್ಲಿ ರಸ್ತೆ ಹೊರಗಡೆ ಎತ್ತರ ಇರುತ್ತಲ್ಲ, ಹಾಗೆ. ಪೀಪಲ್‌ಮೂವರಿನ ದಾರಿ ನಿಧಾನದ ಬಂಡಿಗೆ ಅಂತ ಸಮತಟ್ಟಾಗಿ ಕಟ್ಟಿದ್ದು. ಅದನ್ನ ವಾಲಿಸಿ ಮತ್ತೆ ಕಟ್ಟೋಕೆ ದುಡ್ಡು ಹಾಕ್ಲಿಲ್ಲ. ಹಾಗಾಗಿ ನೇರ ದಾರೀಲಿ ನುಗ್ಗೋದು, ತಿರುವು ಬಂದಾಗೆಲ್ಲ ಬ್ರೇಕ್ ಹಾಕೋದು, ದಾಟಿದ ಮೇಲೆ ಮತ್ತೆ ನುಗ್ಗೋದು. ದಿನಕ್ಕೆ ನೂರಾರು ಸಲ ಹೀಗಾದ್ರೆ ಟೈರು ಉಳಿಯುತ್ತಾ? ಮೇಲಿಂದ ಮೇಲೆ ಕೆಟ್ಟು ನಿಲ್ತಿತ್ತು. 2000ದ ಸೆಪ್ಟೆಂಬರಲ್ಲಿ ರಿಪೇರಿಗೆ ಅಂತ ನಿಲ್ಲಿಸಿದ್ದು, ಮತ್ತೆ ಓಡ್ಲೇ ಇಲ್ಲ. ಒಂದು ಒಳ್ಳೇ ನಿಧಾನದ ರೈಡನ್ನ ತೆಗೆದು ಕೊನೆಗೆ ಎರಡೂ ಇಲ್ಲದ ಹಾಗಾಯ್ತು ಅನ್ನೋದು ನನಗೆ ನಿಜಕ್ಕೂ ಬೇಜಾರು. ಆ ಖಾಲಿ ದಾರಿ ಪಾರ್ಕಿನ ಟುಮಾರೋಲ್ಯಾಂಡ್ ಅನ್ನೋ ಭಾಗದಲ್ಲಿ ತಲೆ ಮೇಲೆ ಹಾಗೇ ನಿಂತಿದೆ, ಒಳಗೆ ಹೋದ ತಕ್ಷಣ ತಲೆ ಎತ್ತಿ ನೋಡಿ. ಕೂತು ಹೋಗೋ ಆಸೆ ಇದ್ರೆ ಫ್ಲಾರಿಡಾದಲ್ಲಿರೋ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1975ರಿಂದ ಅದರ ತಮ್ಮ ಓಡ್ತಾನೇ ಇದೆ.

ಇನ್ನು ಆ ಹಾಡೋ ಗೊಂಬೆಗಳು. ಶೋ ಹೆಸರು ಅಮೆರಿಕ ಸಿಂಗ್ಸ್, 1988ರಲ್ಲಿ ಮುಗೀತು. ಗೊಂಬೆಗಳನ್ನ ಬಿಸಾಕ್ಲಿಲ್ಲ. ಶೋ ಮುಗಿಯೋಕೆ ಮುಂಚೆಯೇ ಎರಡು ಬಾತುಗಳ ಮೈಮೇಲಿನ ಪುಕ್ಕ ಎಲ್ಲ ಕಿತ್ತು, ಬರೀ ಲೋಹದ ಅಸ್ಥಿಪಂಜರ ಉಳಿಸಿ, 1987ರಲ್ಲಿ ತೆರೆದ ಸ್ಟಾರ್ ಟೂರ್ಸ್ ಅನ್ನೋ ರೈಡಿನ ಕ್ಯೂನಲ್ಲಿ ಮಾತಾಡೋ ರೋಬಾಟ್ ಮಾಡಿದ್ರು. ಉಳಿದ ಬಹುಪಾಲು 1989ರಲ್ಲಿ ಸ್ಪ್ಲ್ಯಾಶ್ ಮೌಂಟನ್ ಅನ್ನೋ ನೀರಿನ ಜಾರುವ ರೈಡಿಗೆ ಹೋದ್ವು. ಆ ರೈಡಿನ ಕಥೆ 1946ರ ಒಂದು ಚಿತ್ರದ್ದು, ಕಪ್ಪು ಜನರನ್ನ ಅದರಲ್ಲಿ ತೋರಿಸಿದ ರೀತಿ ತಪ್ಪು ಅನ್ನೋ ಮಾತು ಮೊದಲಿಂದ್ಲೂ ಇತ್ತು. 2023ರ ಮೇ ಕೊನೆಗೆ ಮುಚ್ಚಿ, 2024ರ ನವೆಂಬರ್ 15ಕ್ಕೆ ಟಿಯಾನಾಸ್ ಬೈಯೂ ಅಡ್ವೆಂಚರ್ ಅಂತ ತೆರೆದ್ರು. ಕಥೆ, ಗೊಂಬೆ ಎಲ್ಲ ಹೊಸದು. ಕಾಲುವೆ, ಕೊನೆಗೆ ಸುಮಾರು 16 ಮೀಟರ್ ಕೆಳಕ್ಕೆ ಬೀಳೋ ಇಳಿಜಾರು ಮಾತ್ರ ಅದೇ ಹಳೇದು. ಮುಂದಿನ ಸೀಟಲ್ಲಿ ಕೂತವರು ಪೂರ್ತಿ ನೆನೀತಾರೆ, ಫೋನು ಪ್ಲಾಸ್ಟಿಕ್ ಕವರಿಗೆ ಹಾಕ್ಕೊಳ್ಳಿ.

ಗಣಿ ರೈಲಿನ ಜಾಗಕ್ಕೆ 1979ರಲ್ಲಿ ಬಿಗ್ ಥಂಡರ್ ಅನ್ನೋ ರೋಲರ್ ಕೋಸ್ಟರ್ ಬಂತು. ರೈಲು ಹತ್ತೋ ಕಡೆ ಗುಡ್ಡದ ಮೇಲೆ ಚಿಕ್ಕಚಿಕ್ಕ ಮನೆಗಳ ಒಂದು ಊರಿದೆ, ಅದು ವಿಡಿಯೋದಲ್ಲಿರೋ ಊರೇ. ತಂತಿ ಮೇಲೆ ತೂಗಿಕೊಂಡು ಹೋಗ್ತಿದ್ದ ಸ್ಕೈವೇ ತೊಟ್ಟಿಲುಗಳು 1994ರಲ್ಲಿ ನಿಂತ್ವು. ಅವು ಪಾರ್ಕಿನಲ್ಲೇ ಕಟ್ಟಿದ ಮ್ಯಾಟರ್‌ಹಾರ್ನ್ ಬೆಟ್ಟದ ಹೊಟ್ಟೆಯೊಳಗೇ ತೂರಿ ಹೋಗ್ತಿದ್ವು, ಆಮೇಲೆ ಆ ತೂತು ಮುಚ್ಚಿದ್ರು. ಬೆಟ್ಟ ಹಾಗೇ ಇದೆ. ಅದರೊಳಗಿನ 1959ರ ರೈಡು ಕೊಳವೆಯಾಕಾರದ ಉಕ್ಕಿನ ಹಳಿ ಹಾಕಿದ ಮೊದಲ ರೋಲರ್ ಕೋಸ್ಟರ್. ಆದ್ರೆ ತುಂಬ ಕುಲುಕುತ್ತೆ, ಬೆನ್ನುನೋವಿರೋರು ಬೇಡ.

ಸಬ್‌ಮರೀನ್ 1998ರಲ್ಲಿ ನಿಂತು, 2007ರಲ್ಲಿ ನೀಮೋ ಮೀನಿನ ಕಥೆ ಹೊತ್ಕೊಂಡು ಮತ್ತೆ ಬಂತು. ದೋಣಿಗಳು ಹಳೇವೇ, ಡೀಸೆಲ್ ಬದಲು ಈಗ ವಿದ್ಯುತ್ತು. ಅದು ಮುಳುಗೋದಿಲ್ಲ, ನಾವು ಕೂರೋ ಜಾಗ ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ, ಕಿಟಕಿ ಮುಂದೆ ಗುಳ್ಳೆ ಬಿಟ್ಟಾಗ ಮುಳುಗಿದ ಹಾಗನ್ನಿಸುತ್ತೆ. ತೊಂದರೆ ಇರೋದು ಇಳಿಯೋದರಲ್ಲಿ, ಕಿರಿದಾದ ಸುರುಳಿ ಮೆಟ್ಟಿಲು. ಅತ್ತೆಗೆ ಆಗಲ್ಲ. ಅವರಂಥವರಿಗೇ ಅಂತ ಪಕ್ಕದಲ್ಲಿ ಒಂದು ಕೋಣೆ ಇದೆ, ಅದೇ ದೃಶ್ಯ ಪರದೆ ಮೇಲೆ ತೋರಿಸ್ತಾರೆ. ಅಲ್ಲಿರೋ ಸಿಬ್ಬಂದಿಯನ್ನ ಕೇಳಿ.

ಅತ್ತೆಗೆ ಹಾಂಟೆಡ್ ಮ್ಯಾನ್ಷನ್ ಖಂಡಿತ ತೋರಿಸಿ, 1969ರ ಭೂತಬಂಗಲೆ ರೈಡು. ಶುರುವಲ್ಲಿ ಗೋಡೆ ಉದ್ದ ಆಗ್ತಾ ಹೋಗೋ ಕೋಣೆ ನಿಜವಾಗಿ ಒಂದು ಲಿಫ್ಟು. ರೈಡಿನ ದೊಡ್ಡ ಕಟ್ಟಡ ರೈಲು ಹಳಿಯಿಂದಾಚೆ ಇದೆ, ಹಳಿ ಕೆಳಗೆ ದಾಟಿಸೋಕೆ ಜನರನ್ನ ಇಳಿಸ್ಲೇಬೇಕು, ಆ ಇಳಿಸೋದನ್ನೇ ಆಟ ಮಾಡಿದ್ರು. ಪೈರೇಟ್ಸ್ ಅನ್ನೋ ಕಡಲ್ಗಳ್ಳರ ರೈಡಿನ ದೋಣಿ ಎರಡು ಸಲ ಜಲಪಾತದಂತೆ ಜಾರೋದೂ ಅದಕ್ಕೇ. ಮ್ಯಾನ್ಷನ್ ಗಾಡಿಗಳು ನಿಲ್ಲದೆ ಸಾಲಾಗಿ ಬರ್ತಿರ್ತವೆ, ಚಲಿಸೋ ಪಟ್ಟಿ ಮೇಲೆ ಕಾಲಿಟ್ಟು ಹತ್ಬೇಕು. ಹತ್ತೋ ಮೊದಲೇ ಹೇಳಿದ್ರೆ ನಿಧಾನ ಮಾಡ್ತಾರೆ. ಪೈರೇಟ್ಸ್ ದೋಣಿ ತಗ್ಗು, ಎದ್ದೇಳೋಕೆ ಮಂಡಿ ಬಗ್ಗಿಸ್ಬೇಕು. ಸುಸ್ತಾದಾಗ 1963ರ ಟಿಕಿ ರೂಮ್‌ನಲ್ಲಿ ಕೂರಿಸಿ, ಹಾಡೋ ಹಕ್ಕಿಗಳು, ಒಳಗೆ ತಂಪು. ಒಂದು ಎಚ್ಚರ: ಮ್ಯಾನ್ಷನ್‌ಗೆ ಪ್ರತಿವರ್ಷ ಬೇಸಿಗೆ ಕೊನೆಗೆ ಹಬ್ಬದ ಅಲಂಕಾರ ಹಾಕ್ತಾರೆ, ಜನವರಿಯಲ್ಲಿ ತೆಗೀತಾರೆ, ಎರಡು ಸಲವೂ ಕೆಲವು ದಿನ ಮುಚ್ಚಿರುತ್ತೆ. ಟಿಕೆಟ್ ತಗೊಳ್ಳೋ ಮೊದಲು ಅವರ ವೆಬ್‌ಸೈಟಲ್ಲಿ ಮುಚ್ಚಿರೋ ರೈಡುಗಳ ಪಟ್ಟಿ ನೋಡಿ.

ಪುಟ್ಟನ ಲೆಕ್ಕ: ಬಿಗ್ ಥಂಡರ್, ಸ್ಪೇಸ್ ಮೌಂಟನ್, ಸ್ಟಾರ್ ಟೂರ್ಸ್, ಟಿಯಾನಾ, ರೈಸ್ ಆಫ್ ದ ರೆಸಿಸ್ಟೆನ್ಸ್, ಎಲ್ಲಕ್ಕೂ 102 ಸೆಂಟಿಮೀಟರ್ ಬೇಕು, ಬಿಡ್ತಾರೆ. ಮ್ಯಾಟರ್‌ಹಾರ್ನ್‌ಗೆ 107, ಇಂಡಿಯಾನಾ ಜೋನ್ಸ್‌ಗೆ 117, ಇವೆರಡೂ ಆಗಲ್ಲ. ಅಲ್ಲಿ ರೈಡರ್ ಸ್ವಿಚ್ ಕೇಳಿ. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಹೋಗ್ಬೇಕು, ಮಗು ಜೊತೆಗಿದ್ರೇ ಕೊಡೋದು. ಅಣ್ಣ ಕ್ಯೂನಲ್ಲಿ ಹೋಗಿ ಬರ್ತಾನೆ, ನೀವು ಪುಟ್ಟನ ಜೊತೆ ಇರಿ, ಆಮೇಲೆ ನೀವು ಉದ್ದ ಕ್ಯೂ ನಿಲ್ಲದೆ ಹೋಗ್ಬಹುದು.

ಹೊಸದರಲ್ಲಿ ರೈಸ್ ಆಫ್ ದ ರೆಸಿಸ್ಟೆನ್ಸ್, 2020ರದ್ದು, ಬೆಳಗ್ಗೆ ಮೊದಲು ಅದಕ್ಕೇ ಹೋಗಿ. ನಡೆಯೋದು, ಅಲುಗಾಡೋ ಕೋಣೆ, ಹಳಿಯೇ ಇಲ್ಲದ ಗಾಡಿ, ಕೊನೆಗೆ ಕೆಳಕ್ಕೆ ಬೀಳೋದು, ಈ ನಾಲ್ಕೂ ಒಂದರ ಹಿಂದೊಂದು ಕೂಡಿ ನಡೀಬೇಕು. ಒಂದು ಕೈಕೊಟ್ರೆ ಹಿಂದಿರೋರೆಲ್ಲ ಅಲ್ಲಲ್ಲೇ ನಿಲ್ತಾರೆ. ಮಧ್ಯಾಹ್ನ ಕೆಟ್ರೆ ಆ ದಿನದ ಕ್ಯೂ ಮತ್ತೆ ಕರಗೋದು ಕಷ್ಟ. ಬೆಳಗ್ಗೆಯೇ ಅದು ಕೆಟ್ಟು ನಿಂತಿದ್ರೆ ಅಲ್ಲಿ ಕಾಯಬೇಡಿ, ಸೀದಾ ಇಂಡಿಯಾನಾ ಜೋನ್ಸ್‌ಗೆ ನಡೀರಿ, ಫೋನಿನ ಆ್ಯಪಲ್ಲಿ ಆಗಾಗ ನೋಡ್ತಾ ಇರಿ, ಶುರುವಾಯ್ತು ಅಂತ ತೋರಿಸಿದ ಕೂಡಲೇ ವಾಪಸ್ ಬನ್ನಿ.