ದಿ ಕ್ಯೂರ್ ಹೊಸ ಎಲ್‌ಪಿ: ಮಾರ್ಬಲ್ ಬಣ್ಣದ್ದಾ, ಕಪ್ಪೇ ಸಾಕಾ?

ಬಿಜೈಯವ:
ಇಂಗ್ಲೆಂಡಿನ ರಾಕ್ ಬ್ಯಾಂಡ್ ದಿ ಕ್ಯೂರ್‌ನ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಆಲ್ಬಂ ಫೋನಿನಲ್ಲಿ ಕೇಳಿ ಕೇಳಿ ಸಾಕಾಯ್ತು, ಈಗ ಎಲ್‌ಪಿ, ಅಂದರೆ ಪ್ಲೇಯರಿನಲ್ಲಿ ತಿರುಗಿಸುವ ಹಾಡಿನ ತಟ್ಟೆ ಬೇಕು. 2008ರ ಆಲ್ಬಂ ನಂತರ 2024ರಲ್ಲಿ ಬಂದದ್ದು. ಹದಿನಾರು ವರ್ಷ ಕಾದವನಿಗೆ ಅಷ್ಟೂ ಆಸೆ ಬೇಡವಾ? ದುಬೈಯ ಭಾವ ಊರಿಗೆ ಬರುವಾಗ ಒಂದು ತರುತ್ತೇನೆ ಅಂದಿದ್ದಾರೆ. ಮಾರ್ಬಲ್ ಬಣ್ಣದ್ದು ಹೇಳಲಾ, ಕಪ್ಪು ಹೇಳಲಾ? ಬಣ್ಣದ್ದರಲ್ಲಿ ಕರಕರ ಜಾಸ್ತಿ ಅಂತಾರೆ.

ಹೆದರಿಕೆಗೆ ಕಾರಣ ಉಂಟು. ನನ್ನಲ್ಲಿ ಒಂದು ಕೆಂಪು ಎಲ್‌ಪಿ ಇತ್ತು. ಏಪ್ರಿಲ್ ಮಧ್ಯಾಹ್ನ ಪಣಂಬೂರಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಸಮುದ್ರಕ್ಕೆ ಹೋದೆ. ವಾಪಸ್ ಬರುವಾಗ ಹಪ್ಪಳ! ಈಗ ಹಾಕಿದರೆ ಪ್ಲೇಯರಿನ ಮುಳ್ಳು ಅಳಿವೆ ಬಾಗಿಲಿನ ದೋಣಿಯ ಹಾಗೆ ಏಳುತ್ತದೆ, ಇಳಿಯುತ್ತದೆ. ತಪ್ಪು ಬಣ್ಣದ್ದಾ, ನನ್ನದಾ?

ಮಲ್ಪೆ ಕಡೆಯವ:
ನಿಮ್ಮದೇ ಮಾರಾಯ್ರೆ. ಆ ಬಿಸಿಲಿಗೆ ಕಪ್ಪಾದರೂ ಸೊಟ್ಟಗಾಗುತ್ತಿತ್ತು.

ಎಲ್‌ಪಿ ಮಾಡುವ ಪ್ಲಾಸ್ಟಿಕ್ ಪಿವಿಸಿಗೆ ಹುಟ್ಟಿನಿಂದ ಕಪ್ಪು ಬಣ್ಣ ಇಲ್ಲ. ಕಾರ್ಬನ್ ಸೇರಿಸಿ ಕಪ್ಪು ಮಾಡುತ್ತಾರೆ. ಒಳ್ಳೆಯ ಕಾರ್ಖಾನೆಯಲ್ಲಿ ಒತ್ತಿದ್ದಾದರೆ ಬಣ್ಣದ್ದೂ ಚೆನ್ನಾಗಿಯೇ ಕೇಳುತ್ತದೆ. ಕರಕರ ಅಂತ ಹೆಸರು ಕೆಡಿಸಿದ್ದು ಪಿಕ್ಚರ್ ಡಿಸ್ಕ್. ಅದರಲ್ಲಿ ಚಿತ್ರದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಮುಳ್ಳು ಓಡುವ ಗೆರೆ ಇರುವುದು ಆ ಹಾಳೆಯಲ್ಲಿ. ಗೋಡೆಗೆ ತೂಗಲು ಚಂದ, ಅಷ್ಟೇ.

ನೀವು ನೋಡಬೇಕಾದ್ದು ಬೇರೆ. ಎಂಟು ಹಾಡು, ಸುಮಾರು 49 ನಿಮಿಷ. ಒಂದೇ ಡಿಸ್ಕ್‌ನಲ್ಲಿ ಅಂದರೆ ಒಂದು ಬದಿಗೆ ಹೆಚ್ಚುಕಡಿಮೆ 25 ನಿಮಿಷ. ಗೆರೆಗಳು ಒತ್ತೊತ್ತಾಗಿ ಕೂತರೆ ಸದ್ದು ಸ್ವಲ್ಪ ತಗ್ಗಿಸಿಯೇ ಕೆತ್ತಬೇಕಾಗುತ್ತದೆ. ಎರಡು ಡಿಸ್ಕ್‌ನ ಹಾಫ್ ಸ್ಪೀಡ್ ಆವೃತ್ತಿಯೂ ಇದೆ, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಎಂಜಿನಿಯರ್ ಮೈಲ್ಸ್ ಶೋವೆಲ್ ಕೆತ್ತಿದ್ದು. ಮೂಲ ರೆಕಾರ್ಡಿಂಗೂ ಕೆತ್ತುವ ಯಂತ್ರವೂ ಅರ್ಧ ವೇಗದಲ್ಲಿ ಓಡುವುದರಿಂದ ಕೆತ್ತುವ ಸೂಜಿಗೆ ಪುರುಸೊತ್ತು ಸಿಗುತ್ತದೆ. ನನ್ನನ್ನು ಕೇಳಿದರೆ ಅದೇ. ಕೊನೆಯ ಹಾಡು ಹತ್ತು ನಿಮಿಷ ದಾಟುತ್ತದೆ, ಗಾಯನ ಶುರುವಾಗುವ ಮೊದಲೇ ಅರ್ಧಕ್ಕಿಂತ ಹೆಚ್ಚು ಬರೀ ವಾದ್ಯ. ಅದಕ್ಕೆ ಜಾಗ ಬೇಕು.

ಕಾಪುವಿನಾಕೆ:
ಬಣ್ಣದ ಚರ್ಚೆ ಆಮೇಲೆ. ಜೂನ್ ಬಂದರೆ ಎಲ್ಲಿಡುತ್ತೀರಿ? ನಮ್ಮಲ್ಲಿ ಮಳೆಗಾಲ ಮುಗಿಯುವಾಗ ಬೆಲ್ಟು, ಚಪ್ಪಲಿ, ಮದುವೆ ಆಲ್ಬಂ ಎಲ್ಲದಕ್ಕೂ ಬೂಸ್ಟು. ರಟ್ಟಿನ ಕವರಿಗೆ ಬಿಡುತ್ತದಾ?

ಬಂದ ದಿನವೇ ಹೊರಗಿನ ಪ್ಲಾಸ್ಟಿಕ್ ಹರಿದು ತೆಗೆಯಿರಿ. ಒಳಗಿನ ಬರೀ ಕಾಗದದ ಚೀಲದ ಬದಲು ಪ್ಲಾಸ್ಟಿಕ್ ಅಸ್ತರು ಇರುವುದು ಹಾಕಿ. ನೆಟ್ಟಗೆ ನಿಲ್ಲಿಸಿಡಿ, ಹೊರಗಿನ ಗೋಡೆಗೆ ತಾಗಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಡಿ. ಕ್ಯಾಮೆರಾಗೆ ಮಾಡುವ ಹಾಗೆ ಕಪಾಟಿನಲ್ಲಿ ಬಲ್ಬ್ ಉರಿಸಬೇಡಿ, ಮತ್ತೆ ಹಪ್ಪಳವೇ. ನಾನು ಆ ಬುದ್ಧಿವಂತಿಕೆ ಮಾಡಿ ಎರಡು ಕಳೆದುಕೊಂಡಿದ್ದೇನೆ.

ಬಿಜೈಯವ:
ಮಲ್ಪೆಯವರ ಮಾತು ಸರಿ, ಆದರೂ ಮಾರ್ಬಲ್ಲೇ ಹೇಳಿದೆ. ಕವರಿನಲ್ಲಿರುವುದು ಸ್ಲೊವೇನಿಯಾದ ಶಿಲ್ಪಿ ಯಾನೆಜ್ ಪಿರ್ನಾಟ್ 1975ರಲ್ಲಿ ಮಾಡಿದ ಕಲ್ಲಿನ ತಲೆ. ಅದರೊಳಗಿಂದ ಕಲ್ಲಿನ ಬಣ್ಣದ್ದೇ ತಟ್ಟೆ ಬರಬೇಕು ಅಲ್ವಾ? ಕಿವಿ ಸ್ವಲ್ಪ ಸುಧಾರಿಸಿಕೊಳ್ಳಲಿ.

ಭಾವನಿಗೆ ಹೇಳಿದ್ದೇನೆ, ಹ್ಯಾಂಡ್ ಬ್ಯಾಗಿನಲ್ಲೇ ಇರಲಿ ಅಂತ. ಏರ್‌ಪೋರ್ಟಿನಿಂದ ಸೀದಾ ಮನೆಗೆ. ಪಣಂಬೂರು ಬೇಡ.